ಯುದ್ಧದ ನಡುವೆ ಹೀತ್ ರಾಬಿನ್ಸನ್ ಬಿಡಿಸಿದ ವಿಚಿತ್ರ ಯಂತ್ರಗಳು: ಜನ ಸಾಯುತ್ತಿರುವಾಗ ಆ ನಗು ಸರಿಯಾ?

ಹೊರಗೆ ಜನ ಸಾಯುತ್ತಿರುವಾಗ ಹಗ್ಗ, ರಾಟೆ, ಕೆಟಲ್ ಜೋಡಿಸಿದ ಯುದ್ಧಯಂತ್ರಗಳನ್ನು ಬಿಡಿಸಿ ನಗಿಸೋದು ಸರಿಯಾ, ಅದರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ಸರಿ ಅಂತಲೇ ನನ್ನ ಉತ್ತರ. ಆ ಕಾಲದ ಯುದ್ಧಚಿತ್ರಗಳಲ್ಲಿ ಇವತ್ತು ನೋಡಿದರೂ ಮನಸ್ಸು ಕಹಿಯಾಗದಿರುವುದು ಇವುಗಳನ್ನು ನೋಡಿದಾಗಲೇ.

ವಿಲಿಯಂ ಹೀತ್ ರಾಬಿನ್ಸನ್ ಹುಟ್ಟಿದ್ದು 1872ರಲ್ಲಿ, ಲಂಡನ್‌ನಲ್ಲಿ. ಅಪ್ಪ, ಇಬ್ಬರು ಅಣ್ಣಂದಿರು, ಎಲ್ಲರೂ ಚಿತ್ರಕಾರರೇ. ಇವರಿಗೆ ಬೆಟ್ಟ, ಬಯಲು ಬಿಡಿಸುವ ಆಸೆ ಇತ್ತು. ಅದರಿಂದ ಹೊಟ್ಟೆ ತುಂಬಲಿಲ್ಲ. ಹಾಗಾಗಿ ಪುಸ್ತಕಗಳಿಗೆ ಚಿತ್ರ ಬರೆದರು: ಆಂಡರ್ಸನ್ ಕಥೆಗಳು, ಶೇಕ್ಸ್‌ಪಿಯರ್ ನಾಟಕಗಳು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಅಂಥ ದುಬಾರಿ ಚಿತ್ರಪುಸ್ತಕಗಳನ್ನು ಕೊಳ್ಳುವವರು ಕಡಿಮೆಯಾದರು. ಆಗ ಅವರ ಕೈ ಹಿಡಿದದ್ದು 'ದಿ ಸ್ಕೆಚ್'ನಂಥ ಪತ್ರಿಕೆಗಳಿಗೆ ಬರೆಯುತ್ತಿದ್ದ ನಗೆಚಿತ್ರಗಳು.

ಯುದ್ಧದಲ್ಲಿ ಏನು ಮಾಡಬಾರದು ಅಂತ ಹೇಗ್ ಒಪ್ಪಂದದಲ್ಲಿ ನಿಯಮಗಳಿದ್ದವು. ಜರ್ಮನ್ನರು ಅವನ್ನು ಮುರಿಯುತ್ತಿದ್ದಾರೆ ಎಂಬ ಸುದ್ದಿ ಬ್ರಿಟಿಷ್ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ರಾಬಿನ್ಸನ್ ಅದನ್ನೇ ಹಿಡಿದುಕೊಂಡರು. ಅವರ ಒಂದು ಚಿತ್ರದಲ್ಲಿ ಜರ್ಮನ್ ಅಧಿಕಾರಿಗಳು, ಕಿಲ್ಟ್ ಎಂಬ ಲಂಗದಂಥ ಉಡುಪು ಉಟ್ಟ ಸ್ಕಾಟಿಷ್ ಸೈನಿಕರನ್ನು ಪಕ್ಕದಿಂದ ಹೋಗಿ ಕಚ್ಚುವಂತೆ ಕಣಜಗಳಿಗೆ ತರಬೇತಿ ಕೊಡುತ್ತಿದ್ದಾರೆ. ಇನ್ನೊಂದರಲ್ಲಿ ದಾಳಿಗೆ ಮುಂಚೆ ಎದುರಾಳಿಗಳ ಮೇಲೆ ನಗು ಬರಿಸುವ ಅನಿಲ ಬಿಡುತ್ತಿದ್ದಾರೆ, ಅದೂ ಸೋಡಾ ಚಿಮ್ಮಿಸುವ ಸೈಫನ್ ಬಾಟಲಿಗಳಿಂದ! ಬೇರೆ ಚಿತ್ರಕಾರರು ಜರ್ಮನ್ ಸೈನಿಕನಿಗೆ ರಾಕ್ಷಸನ ಮುಖ ಕೊಟ್ಟು, ಕೈಗೆ ರಕ್ತ ಬಳಿಯುತ್ತಿದ್ದ ಕಾಲ ಅದು. ಇವರ ಜರ್ಮನ್ನರು ಮಾತ್ರ ಹೊಟ್ಟೆ ಬಂದ, ಕೆಲಸದಲ್ಲಿ ಮುಳುಗಿಹೋದ ಮನುಷ್ಯರು. ಬ್ರಿಟಿಷರನ್ನು ಬಿಡಿಸಿದಾಗಲೂ ಅಷ್ಟೇ, ಅವರೂ ಅದೇ ಥರದವರು. ನನಗೆ ಇದು ತುಂಬಾ ದೊಡ್ಡದು ಅನ್ನಿಸುತ್ತದೆ. ಶತ್ರುವನ್ನು ಸಣ್ಣವನನ್ನಾಗಿ ಮಾಡಿದರು, ಆದರೆ ಅವನ ಮೇಲೆ ವಿಷ ಕಾರಲಿಲ್ಲ.

ಇನ್ನು ನಗು ಹುಟ್ಟುವುದು ಎಲ್ಲಿ? ಯಂತ್ರದಲ್ಲಿ ಅಷ್ಟಾಗಿ ಅಲ್ಲ, ಅದರ ಸುತ್ತ ನಿಂತವರ ಮುಖದಲ್ಲಿ. ಚಿತ್ರದಲ್ಲಿ ಯಾರೂ ನಗುವುದಿಲ್ಲ. ಬೋಳು ತಲೆಯ, ಕನ್ನಡಕ ಹಾಕಿದ ಒಬ್ಬ ಗಂಟು ಗಂಟಾದ ಹಗ್ಗವನ್ನು ಪ್ರಾಣವೇ ಅದರಲ್ಲಿದೆ ಎಂಬಂತೆ ಹಿಡಿದು ನಿಂತಿರುತ್ತಾನೆ. ತಾನು ಬಿಡಿಸಿದ್ದನ್ನು ತಾನೇ ನಂಬಿದವನ ಹಾಗೆ ಬರೆಯುತ್ತಾರೆ ರಾಬಿನ್ಸನ್, ಒಂದೊಂದು ಗಂಟು, ಒಂದೊಂದು ಮೊಳೆ ಬಿಡದೆ. ಅಮೆರಿಕದ ರೂಬ್ ಗೋಲ್ಡ್‌ಬರ್ಗ್ ಕೂಡ ಇಂಥ ಯಂತ್ರಗಳನ್ನೇ ಬಿಡಿಸಿದವರು, ಆದರೆ ಅವರದ್ದರಲ್ಲಿ ಎ, ಬಿ, ಸಿ ಅಂತ ಗುರುತು ಹಾಕಿ ಒಂದಾದ ಮೇಲೊಂದು ಏನಾಗುತ್ತದೆ ಅಂತ ವಿವರಿಸಿರುತ್ತಾರೆ. ಅದು ಚುರುಕಾಗಿದೆ, ನಿಜ. ನನಗೆ ರಾಬಿನ್ಸನ್ ಜಾಸ್ತಿ ಇಷ್ಟ, ಯಾಕೆಂದರೆ ಅಲ್ಲಿ ಮನುಷ್ಯರಿದ್ದಾರೆ.

ನಗು ಸರಿಯಾ ಅನ್ನೋದಕ್ಕೆ ಕಂದಕಗಳಲ್ಲಿದ್ದ ಸೈನಿಕರೇ ಉತ್ತರ ಕೊಟ್ಟಿದ್ದಾರೆ. ರಣರಂಗದಿಂದ ರಾಬಿನ್ಸನ್‌ಗೆ ಪತ್ರ ಬರೆದು, ಇದನ್ನು ಬಿಡಿಸಿ, ಅದನ್ನು ಬಿಡಿಸಿ ಅಂತ ಹೊಸ ಹೊಸ ಉಪಾಯಗಳನ್ನು ಕಳಿಸುತ್ತಿದ್ದರು. ಸಾಯುವ ಜಾಗದಲ್ಲಿ ಕೂತವರಿಗೇ ಅದು ಬೇಕಾಗಿತ್ತು, ಅಲ್ವಾ? ಎರಡನೇ ಮಹಾಯುದ್ಧ ಬಂದಾಗ ರಾಬಿನ್ಸನ್ ಮತ್ತೆ ಇಂಥ ಚಿತ್ರ ಬರೆದರು. ಸಮುದ್ರದಲ್ಲಿ ಉಬ್ಬರವೋ ಇಳಿತವೋ ದಾಳಿಗೆ ಬಂದವರಿಗೆ ತಿಳಿಯದಂತೆ ಮೋಸ ಮಾಡುವ ಚಿತ್ರ ಆಗಿನದು.

ಇದೇ ಯುದ್ಧದಲ್ಲಿ ಇನ್ನೊಂದು ನಡೆಯಿತು. ಶತ್ರುಗಳ ಗುಪ್ತ ಸಂದೇಶ ಬಿಡಿಸುವ ಬ್ರಿಟಿಷ್ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನಲ್ಲಿ, ಜರ್ಮನ್ ಸೇನಾ ಮುಖ್ಯಸ್ಥರು ಬಳಸುತ್ತಿದ್ದ ಲೊರೆಂಜ್ ಎಂಬ ಗುಪ್ತ ಸಂಕೇತ ಒಡೆಯಲು 1943ರಲ್ಲಿ ಒಂದು ಯಂತ್ರ ಬಂತು. ಎರಡು ಉದ್ದದ ಕಾಗದದ ಪಟ್ಟಿಗಳು ಚಕ್ರಗಳ ಮೇಲೆ ಹಾದು, ಒಂದೇ ವೇಗದಲ್ಲಿ ಒಟ್ಟಿಗೆ ಓಡಬೇಕಿತ್ತು. ಕಾಗದ ಹಿಗ್ಗುತ್ತಿತ್ತು, ಹರಿಯುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ನೌಕಾಪಡೆಯ ಹೆಣ್ಣುಮಕ್ಕಳು, ಅವರ ಚಿತ್ರದ ಯಂತ್ರದ ಹಾಗೇ ಇದೆ ಅಂತ, ಅದಕ್ಕೆ ಹೀತ್ ರಾಬಿನ್ಸನ್ ಅಂತಲೇ ಹೆಸರಿಟ್ಟರು. ಈ ತೊಂದರೆ ತಪ್ಪಿಸಲು ಇಂಜಿನಿಯರ್ ಟಾಮಿ ಫ್ಲವರ್ಸ್ ಒಂದು ಪಟ್ಟಿಯನ್ನೇ ತೆಗೆದುಹಾಕಿ, ಆ ಕೆಲಸವನ್ನು ಎಲೆಕ್ಟ್ರಾನಿಕ್ ವಾಲ್ವ್‌ಗಳಿಗೆ ವಹಿಸಿದರು. ಅದೇ ಕೊಲೋಸಸ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್, 1944ರ ಆರಂಭದಲ್ಲಿ ಕೆಲಸ ಶುರುಮಾಡಿತು, ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು.

ನೋಡಬೇಕೆಂದರೆ ಲಂಡನ್‌ನ ಪಿನ್ನರ್‌ನಲ್ಲಿ 2016ರಿಂದ ಅವರದೇ ಮ್ಯೂಸಿಯಂ ಇದೆ. ಅಷ್ಟು ದೂರ ಹೋಗಲಾಗದಿದ್ದರೆ 1915ರಲ್ಲಿ ಬಂದ ಅವರ ಯುದ್ಧಚಿತ್ರಗಳ ಪುಸ್ತಕದಿಂದ ಶುರುಮಾಡಿ. ಫೋನಿನ ಸಣ್ಣ ಪರದೆ ಸಾಲದು. ದೊಡ್ಡದಾಗಿ ತೆರೆದು ಒಂದು ಹಗ್ಗ ಹಿಡಿದು ಕೊನೆಯವರೆಗೂ ಹೋಗಿ, ಆಮೇಲೆ ಅದನ್ನು ಎಳೆಯುತ್ತಿರುವವನ ಮುಖ ನೋಡಿ.