ಹಾಳೆಯಷ್ಟು ಸಡಿಲ, ಅಡಿಯಷ್ಟು ತಪ್ಪು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ರೈಫಲ್‌ಗೆ ಏನೇನು ಜೋಡಿಸಬಹುದು? ಸೇನೆಯ ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಒಂದು ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಪ್ರಶ್ನೆ: ಮಗ ಅಗ್ನಿವೀರ್ ಭರ್ತಿಗೆ ತಯಾರಿ ಮಾಡುತ್ತಿದ್ದಾನೆ. ಸ್ಕೋಪ್, ಗ್ರಿಪ್, ಲೇಸರ್ ಹಾಕಿದಷ್ಟೂ ಗುರಿ ಸರಿಯಾಗುತ್ತದೆ ಎನ್ನುತ್ತಾನೆ. ಮೊಬೈಲ್ ಆಟದಲ್ಲಿ ನೋಡಿದ್ದಾನಂತೆ. ನಿಜವೇ? (ವಿದ್ಯಾನಗರ, ದಾವಣಗೆರೆ)

ನಿಜ ಅಲ್ಲ. ಆಟದಲ್ಲಿ ಬೆರಳು ಮುಟ್ಟಿದರೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂತುಬಿಡುತ್ತದೆ. ಕೈಯಲ್ಲಿರುವ ರೈಫಲ್‌ನಲ್ಲಿ ಅದನ್ನು ಬಿಗಿ ಮಾಡಿ, ಗುಂಡು ಹಾರಿಸಿ, ಜೀರೋ ಮಾಡಬೇಕು. ಅಂದರೆ ಸ್ಕೋಪ್ ತೋರಿಸಿದ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸಬೇಕು. ಕೆಲಸ ಇರುವುದೇ ಇಲ್ಲಿ.

ರೈಫಲ್ ಮೇಲೆ ಹಲ್ಲುಹಲ್ಲಾಗಿ ಕಾಣುವ ಪಟ್ಟಿ ಇದೆಯಲ್ಲ, ಅದು ಪಿಕಟಿನ್ನಿ ರೈಲ್. ಅಮೆರಿಕದ ಸೇನೆ 1995ರಲ್ಲಿ ಅದರ ಅಳತೆ ಗೊತ್ತುಮಾಡಿತು. ಹಲ್ಲುಗಳ ನಡುವಿನ ಕಚ್ಚಿನ ಅಗಲ 5.23 ಮಿ.ಮೀ., ಒಂದು ಕಚ್ಚಿನಿಂದ ಮುಂದಿನದಕ್ಕೆ 10.01 ಮಿ.ಮೀ. ಈ ಅಳತೆ ಒಂದೇ ಆಗಿರುವುದರಿಂದಲೇ ಒಬ್ಬರು ಮಾಡಿದ ಸ್ಕೋಪ್ ಇನ್ನೊಬ್ಬರ ರೈಫಲ್ ಮೇಲೆ ಕೂರುತ್ತದೆ. ನಮ್ಮ ಸೇನೆ 2019ರಲ್ಲಿ ಒಪ್ಪಂದ ಮಾಡಿಕೊಂಡ 72,400 ಸಿಗ್ 716 ರೈಫಲ್‌ಗಳಲ್ಲೂ, ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203ರಲ್ಲೂ ರೈಲ್ ಇದೆ.

ಈಗ ಲೆಕ್ಕ ನೋಡಿ. ಸ್ಕೋಪನ್ನು ರೈಲ್‌ಗೆ ಹಿಡಿಸುವ ಮೌಂಟ್ 10 ಸೆಂ.ಮೀ. ಉದ್ದ ಇದೆ ಎನ್ನಿ. ಅದರ ಒಂದು ತುದಿ 0.1 ಮಿ.ಮೀ. ಎದ್ದಿದೆ. ಅಂದರೆ ಒಂದು ಹಾಳೆ ಕಾಗದದ ದಪ್ಪ ಅಷ್ಟೇ. 100 ಮೀಟರ್‌ನಲ್ಲಿ ಗುಂಡು 10 ಸೆಂ.ಮೀ. ತಪ್ಪುತ್ತದೆ. 300 ಮೀಟರ್‌ನಲ್ಲಿ 30 ಸೆಂ.ಮೀ., ಸುಮಾರು ಒಂದು ಅಡಿ! ಹರಿಹರದಲ್ಲಿ ಲೇತ್ ಮುಂದೆ ನಿಂತು ದುಡಿದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಹಾಗಾಗಿ ಕೂರಿಸುವಾಗ ಮೌಂಟನ್ನು ಮುಂದಕ್ಕೆ, ನಳಿಕೆಯ ಕಡೆಗೆ ತಳ್ಳಿ ಹಿಡಿದು ಆಮೇಲೆ ಬಿಗಿ ಮಾಡಬೇಕು. ರೈಫಲ್ ಹಿಂದಕ್ಕೆ ಒದೆಯುವಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಕಚ್ಚಿನ ಮುಂಗೋಡೆಗೆ ಒತ್ತುತ್ತದೆ. ಅಲ್ಲಿ ಮೊದಲೇ ಸಂದು ಬಿಟ್ಟಿದ್ದರೆ ಗುಂಡು ಗುಂಡಿಗೂ ಜರುಗುತ್ತದೆ. ರೇಂಜ್‌ನಲ್ಲಿ ಒಬ್ಬ ಹುಡುಗ ಸ್ಕೋಪ್ ಬಿಚ್ಚಿ ಒರೆಸಿ, ಒಂದು ಕಚ್ಚು ಹಿಂದೆ ಕೂರಿಸಿದ. ಐದು ಗುಂಡೂ ಒಂದೇ ಕಡೆ ಬಿದ್ದವು, ಗುರಿಯಿಂದ ದೂರ. ಕೈ ಸರಿಯಾಗಿತ್ತು, ಕಚ್ಚು ತಪ್ಪಿತ್ತು. ಬಿಚ್ಚಿದ್ದನ್ನು ಅದೇ ಕಚ್ಚಿಗೆ ಹಾಕಿ, ಹಾಕಿದ ಮೇಲೆ ಜೀರೋ ನೋಡಿ. ನಾನು ಇದರಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವನಲ್ಲ.

ಇನ್ನು ಭಾರ. ಬರೀ ರೈಫಲ್ಲೇ ಸುಮಾರು 4 ಕೆಜಿ. ಸ್ಕೋಪ್, ಬೈಪಾಡ್ (ಎರಡು ಕಾಲಿನ ಆಸರೆ), ಟಾರ್ಚ್, ಲೇಸರ್ ಸೇರಿದರೆ ಮೇಲೆ ಒಂದು ಕೆಜಿ ಸುಲಭವಾಗಿ ಏರುತ್ತದೆ, ಅದೂ ಜಾಸ್ತಿ ಮುಂದಿನ ತುದಿಯಲ್ಲಿ. ತುಂಬಿದ ಒಂದು ಲೀಟರ್ ಬಾಟಲಿ ಹಿಡಿದು ಕೈ ಚಾಚಿ ನಿಲ್ಲಲು ಮಗನಿಗೆ ಹೇಳಿ, ಗೊತ್ತಾಗುತ್ತದೆ. ಈಗ ಅವನಿಗೆ ಬೇಕಾದ್ದು ಓಟ ಮತ್ತು ಭುಜದ ಬಲ.

ಪ್ರಶ್ನೆ: ವೀವರ್ ರೈಲ್, ಪಿಕಟಿನ್ನಿ ಎರಡೂ ಒಂದೇ ಅಲ್ವಾ? (ಚಿತ್ರದುರ್ಗ)

ಅಲ್ಲ. ವೀವರ್ ಕೂಡ ಇಂಥದ್ದೇ ಪಟ್ಟಿ, ಆದರೆ ಅದರ ಕಚ್ಚು ಕಿರಿದು. ಅದರ ಸಾಮಾನು ಸಾಮಾನ್ಯವಾಗಿ ಪಿಕಟಿನ್ನಿ ಮೇಲೆ ಕೂರುತ್ತದೆ, ಪಿಕಟಿನ್ನಿಯದು ವೀವರ್ ಮೇಲೆ ಕೂರುವುದಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ.

ಪ್ರಶ್ನೆ: ತೋಟಕ್ಕೆ ಹಂದಿ ಬರುತ್ತವೆ. ಲೈಸೆನ್ಸ್ ಬಂದೂಕಿಗೆ ಟಾರ್ಚ್ ಹಾಕಲು ನಮ್ಮೂರ ವೆಲ್ಡರ್ ರೈಲ್ ಬೆಸೆದು ಕೊಡುತ್ತೇನೆ ಎನ್ನುತ್ತಾನೆ. (ಹೊಳಲ್ಕೆರೆ)

ದಯವಿಟ್ಟು ಬೇಡ. ವೆಲ್ಡಿಂಗ್ ಶಾಖಕ್ಕೆ ನಳಿಕೆಯ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಅಂಥ ನಳಿಕೆ ಮುಖದ ಮುಂದೆ ಸಿಡಿದರೆ ಕಣ್ಣು ಹೋಗುತ್ತದೆ. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದೇ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇಂಥ ಅರ್ಧ ಕಲಿತವರ ಮಾತು ಕೇಳಿ ಕೈ ಕಳೆದುಕೊಳ್ಳಬೇಡಿ.

ಪ್ರಶ್ನೆ: ಸೈಲೆನ್ಸರ್ ಹಾಕಿದರೆ ಸದ್ದೇ ಬರುವುದಿಲ್ಲವೇ?

ಬರುತ್ತದೆ, ಜೋರಾಗಿಯೇ. ಸದ್ದು ಕಡಿಮೆಯಾಗುತ್ತದೆ, ಅಷ್ಟೇ. ಮನೆಯಲ್ಲಿ ಮಾಡುವ ಯೋಚನೆ ಇದ್ದರೆ ಈಗಲೇ ಬಿಡಿ. ಸದ್ದು ಅಡಗಿಸುವ ಸಾಧನವನ್ನೂ ನಮ್ಮ ಕಾಯ್ದೆ ಬಂದೂಕು ಎಂದೇ ಲೆಕ್ಕ ಹಾಕುತ್ತದೆ.

ಪ್ರಶ್ನೆ: ಚಳ್ಳಕೆರೆಯ ಡಿಆರ್‌ಡಿಒದಲ್ಲಿ ಈ ಸ್ಕೋಪ್‌ಗಳನ್ನು ಪರೀಕ್ಷಿಸುತ್ತಾರಾ?

ಅಲ್ಲಿರುವುದು ವಿಮಾನ ಪರೀಕ್ಷೆಯ ರೇಂಜ್, ಹೆಚ್ಚಾಗಿ ಹಾರುವುದು ಡ್ರೋನ್. ರೈಫಲ್ ಕೆಲಸ ಬೇರೆ ಕಡೆ.