ಜಿರ್ಕೋನಿಯಾ ಕ್ರೌನಿನ ಒಳಮೈಗೆ ಸ್ಯಾಂಡ್‌ಬ್ಲಾಸ್ಟ್: ಎಷ್ಟು, ಯಾವಾಗ?

ನಮಸ್ಕಾರ ಮೇಡಂ. ಒಂದೂವರೆ ವರ್ಷ ಚೆನ್ನಾಗಿಯೇ ಇದ್ದ ದವಡೆ ಹಲ್ಲಿನ ಜಿರ್ಕೋನಿಯಾ ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಸೆರಾಮಿಕ್ ಟೊಪ್ಪಿಗೆ) ಯಾವ ಪೆಟ್ಟೂ ಬೀಳದೆ ಎರಡು ಹೋಳಾಯಿತು, ಅದನ್ನು ಕೊರೆದು ತೆಗೆದ ಡಿಸ್ಕಿನ ಪೆಟ್ಟಿಗೆಯ ಮೇಲೆ ಬಲ 1100 ಮೆಗಾಪಾಸ್ಕಲ್ ಎಂದಿತ್ತು, ಒಳಮೈಗೆ 110 ಮೈಕ್ರಾನಿನ ಅಲ್ಯೂಮಿನಾ ಪುಡಿಯನ್ನು 4 ಬಾರ್ ಗಾಳಿಯ ಒತ್ತಡದಲ್ಲಿ ಹೊಡೆದದ್ದು (ಅದೇ ಸ್ಯಾಂಡ್‌ಬ್ಲಾಸ್ಟ್) ತಪ್ಪಾಯಿತೇ ಎಂದು ಕೇಳಿದ್ದೀರಿ. ಮುರಿದ ತುಂಡನ್ನು ನೋಡದೆ ತೀರ್ಪು ಕೊಡಲಾರೆ. ಆದರೆ ಕೊನೆಯ ಆ ಎರಡು ಅಂಕಿಗಳನ್ನು ಓದಿದೊಡನೆ ನನ್ನ ಅನುಮಾನ ಹೋದದ್ದು ಅಲ್ಲಿಗೇ.

ಪೆಟ್ಟಿಗೆಯ ಮೇಲಿನ ಬಲ, ಜಾಗರೂಕತೆಯಿಂದ ಸಿದ್ಧಪಡಿಸಿದ ಮಾದರಿಯನ್ನು ಒಂದೇ ಸಲ ಒತ್ತಿ ಮುರಿದಾಗ ಸಿಕ್ಕಿದ್ದು. ಬಾಯಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಭಾರ ಲಕ್ಷಾಂತರ ಸಲ ಬೀಳುತ್ತದೆ, ಅದೂ ತೇವದಲ್ಲಿ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಬಂಧಗಳನ್ನು ನೀರು ಸಡಿಲಿಸುವುದರಿಂದ, ಕಣ್ಣಿಗೆ ಕಾಣದ ಗೀರು ತುಸುತುಸುವೇ ಮುಂದುವರಿಯುತ್ತದೆ. ಹೀಗೆ ದಣಿದ ಮೇಲೆ ಉಳಿಯುವ ಬಲ ಮೊದಲಿನ ಅರ್ಧದ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಗೀರು ಮೊದಲೇ ಆಳವಾಗಿದ್ದರೆ ಕೇಳುವುದೇ ಬೇಡ.

ಸ್ಯಾಂಡ್‌ಬ್ಲಾಸ್ಟ್ ಇಲ್ಲಿ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಕಣಗಳ ಹೊಡೆತಕ್ಕೆ ಮೇಲ್ಮೈಯಲ್ಲಿ ಟೆಟ್ರಾಗೋನಲ್ ಎಂಬ ರಚನೆಯ ಹರಳುಗಳು ಮೊನೋಕ್ಲಿನಿಕ್ ಎಂಬ ಇನ್ನೊಂದು ರೂಪಕ್ಕೆ ತಿರುಗಿ ಗಾತ್ರದಲ್ಲಿ ಸುಮಾರು ಶೇ. 4ರಷ್ಟು ಹಿಗ್ಗುತ್ತವೆ, ಅಕ್ಕಪಕ್ಕದಲ್ಲಿ ಜಾಗವಿಲ್ಲದೆ ಅಲ್ಲೊಂದು ಒತ್ತಡದ ಪದರ ಹುಟ್ಟಿ ಸಣ್ಣ ಬಿರುಕುಗಳ ಬಾಯಿ ಮುಚ್ಚುತ್ತದೆ. ಆದರೆ ಆ ಪದರದ ದಪ್ಪ ಕೆಲವೇ ಮೈಕ್ರಾನ್. ದಪ್ಪ ಕಣ ಜೋರಾಗಿ ಬಡಿದಾಗ ಕುಳಿಯ ತಳದ ಬಿರುಕು ಪದರವನ್ನು ದಾಟಿ ಹೋಗುತ್ತದೆ. 1999ರಲ್ಲಿ ಸಂಶೋಧಕ ಕೊಸ್ಮಾಚ್ ಮತ್ತು ಸಂಗಡಿಗರು ಸ್ಯಾಂಡ್‌ಬ್ಲಾಸ್ಟಿನಿಂದ ಬಲ ಹೆಚ್ಚುತ್ತದೆ ಎಂದರೆ, 2004ರಲ್ಲಿ ಜಾಂಗ್, ಲಾನ್ ಮತ್ತಿತರರು ಮರುಮರುಕಳಿಸುವ ಭಾರದಲ್ಲಿ ಅದು ಕುಗ್ಗುತ್ತದೆ ಎಂದದ್ದು ಮೇಲುನೋಟಕ್ಕೆ ಜಗಳದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಎರಡೂ ಸರಿ: ಮೊದಲನೆಯದು ಒಂದೇ ಸಲ ಮುರಿದು ನೋಡಿದ ಲೆಕ್ಕ, ಎರಡನೆಯದು ವರ್ಷಗಟ್ಟಲೆ ಅಗಿಯುವ ಬಾಯಿಗೆ ಹತ್ತಿರವಾದ ಲೆಕ್ಕ. ಮೇಲಿಂದ ಕಚ್ಚಿದಾಗ ಹೆಚ್ಚು ಎಳೆತ ಬೀಳುವುದು ಕಚ್ಚಿದ ಜಾಗದ ನೇರ ಕೆಳಗಿನ ಒಳಮೈಗೆ, ಎಂದರೆ ನಾವು ಹೊಡೆದ ಜಾಗಕ್ಕೇ.

ಅಂಕಿ ನೋಡಿದರೆ ನಿಮ್ಮದು 3ವೈ ಡಿಸ್ಕ್ ಇರಬೇಕು (ಈ ಅಂಕಿ, ಜಿರ್ಕೋನಿಯಾಕ್ಕೆ ಬೆರೆಸಿದ ಇಟ್ರಿಯಾದ ಪ್ರಮಾಣ). ಹೆಚ್ಚು ಪಾರದರ್ಶಕವಾದ 5ವೈಯಲ್ಲಿ ರೂಪ ಬದಲಿಸದ ಕ್ಯೂಬಿಕ್ ಹರಳುಗಳೇ ಬಹಳವಿರುವುದರಿಂದ ಅಲ್ಲಿ ಹಾನಿ ಮಾತ್ರ ಉಳಿಯುತ್ತದೆ, ರಕ್ಷಣೆ ಹೆಸರಿಗಷ್ಟೇ.

ಹಾಗೆಂದು ಬ್ಲಾಸ್ಟನ್ನೇ ಬಿಡಬೇಡಿ. ಜಿರ್ಕೋನಿಯಾದಲ್ಲಿ ಗಾಜಿನ ಅಂಶವಿಲ್ಲದ ಕಾರಣ ಹೈಡ್ರೋಫ್ಲೋರಿಕ್ ಆಮ್ಲ ಅದನ್ನು ಪಿಂಗಾಣಿಯಂತೆ ಕೊರೆಯುವುದಿಲ್ಲ, ಸಿಮೆಂಟ್ ಹಿಡಿಯಲು ಬೇಕಾದ ಒರಟು ಬ್ಲಾಸ್ಟಿನಿಂದಲೇ ಬರಬೇಕು. ಸಿಮೆಂಟ್ ಗಟ್ಟಿಯಾಗಿ ಕೂರದ ಕ್ರೌನ್ ಆಧಾರವಿಲ್ಲದೆ ಇನ್ನೂ ಬೇಗ ದಣಿಯುತ್ತದೆ. ನಾನು 50 ಮೈಕ್ರಾನಿನ ಅಲ್ಯೂಮಿನಾ, 1.5ರಿಂದ 2 ಬಾರ್, ಸುಮಾರು 10 ಮಿ.ಮೀ. ದೂರ, ನಳಿಕೆಯನ್ನು ಒಂದೆಡೆ ನಿಲ್ಲಿಸದೆ 10-15 ಸೆಕೆಂಡು ಹೊಡೆದು, ಅನಂತರ ಎಂಡಿಪಿ (ಜಿರ್ಕೋನಿಯಾಕ್ಕೆ ಅಂಟಿಕೊಳ್ಳುವ ಫಾಸ್ಫೇಟ್ ಅಣು) ಇರುವ ಪ್ರೈಮರ್ ಹಚ್ಚಲು ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲೂ ಲೋಹದ ಎರಕಕ್ಕೂ ಜಿರ್ಕೋನಿಯಾಕ್ಕೂ ಒಂದೇ ಡಬ್ಬಿಯ ದಪ್ಪ ಪುಡಿ ಬಳಸುತ್ತಿದ್ದ ಕಾಲವೊಂದಿತ್ತು. ಈಗ ಸಣ್ಣ ಪುಡಿಗೆ ಬೇರೆ ಪೆನ್ ಬ್ಲಾಸ್ಟರ್ ಇಟ್ಟಿದ್ದೇವೆ.

ಕೆಲಸದ ಕ್ರಮವನ್ನು ಅನೇಕರು ಮರೆಯುತ್ತಾರೆ. ಬ್ಲಾಸ್ಟ್ ಮಾಡಿದ ಮೇಲೆ ಗ್ಲೇಜ್‌ಗೆಂದು (ಹೊಳಪಿನ ಗಾಜಿನ ಲೇಪ) ಕುಲುಮೆಗೆ ಹಾಕಿದರೆ, ಆ ಶಾಖಕ್ಕೆ ಮೊನೋಕ್ಲಿನಿಕ್ ಹರಳುಗಳು ಮತ್ತೆ ಹಳೆಯ ರೂಪಕ್ಕೆ ಮರಳಿ ಒತ್ತಡದ ಪದರ ಕರಗಿಹೋಗುತ್ತದೆ, ಬಿರುಕು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕುಲುಮೆಯ ಕೆಲಸವೆಲ್ಲ ಮುಗಿದು, ಬಾಯಿಯಲ್ಲಿ ಕೂರಿಸಿ ನೋಡಿದ ನಂತರವೇ ಬ್ಲಾಸ್ಟ್ ಆಗಲಿ. ಬಾಯಿಯಲ್ಲಿ ಅಂಟಿ ಪ್ರೈಮರ್‌ಗೆ ಅಡ್ಡಿಯಾಗುವ ಜೊಲ್ಲಿನ ಫಾಸ್ಫೇಟೂ ಆಗಲೇ ಹೋಗುತ್ತದೆ.

ಹೊರಮೈಯನ್ನು ತಿದ್ದುವಾಗ ನುಣುಪು ವಜ್ರದ ಬರ್, ಧಾರಾಳ ನೀರು, ಹಗುರ ಕೈ ಇರಲಿ. ಉಜ್ಜಿದ ಗುರುತುಗಳ ಮೇಲೆ ಗ್ಲೇಜ್ ಬಳಿದು ಮುಚ್ಚುವುದಕ್ಕಿಂತ ರಬ್ಬರ್ ಪಾಲಿಶರ್‌ಗಳಿಂದ ಅವುಗಳನ್ನು ತೆಗೆಯುವುದೇ ಮೇಲು. ಗ್ಲೇಜ್ ಸವೆದ ಮೇಲೆ ಎದುರಿನ ಹಲ್ಲಿಗೆ ತಾಗುವುದು ಆ ಒರಟೇ.

ಮುರಿದ ತುಂಡುಗಳನ್ನು ದಯವಿಟ್ಟು ಎಸೆಯಬೇಡಿ. ಅವುಗಳನ್ನು ತೊಳೆದು, ಮುರಿದ ಅಂಚನ್ನು ಓರೆ ಬೆಳಕಿನಲ್ಲಿ ಲೂಪ್‌ನಿಂದ (ಭೂತಗನ್ನಡಿ) ನೋಡಿ. ಗೆರೆಗಳು ಎಲ್ಲಿಂದ ಹರಡಿವೆಯೋ ಅಲ್ಲೇ ಮೂಲ. ಅದು ಕಚ್ಚುವ ಜಾಗದ ಕೆಳಗಿನ ಒಳಮೈಯಲ್ಲಿದ್ದರೆ ನಿಮ್ಮ ಬ್ಲಾಸ್ಟಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಒಸಡಿನ ಕಡೆಯ ಅಂಚಿನಲ್ಲಿದ್ದರೆ ಕ್ಯಾಲಿಪರ್‌ನಿಂದ ಅಲ್ಲಿನ ದಪ್ಪ ಅಳೆದು, ಕೂರಿಸುವಾಗ ಅಂಚನ್ನು ಯಾರಾದರೂ ಬರ್‌ನಿಂದ ಉಜ್ಜಿದ್ದರೇ ಎಂದು ವೈದ್ಯರನ್ನು ವಿಚಾರಿಸಿ. ಫೋಟೋ ಹಾಕಿದರೆ ನಾನೂ ನೋಡುತ್ತೇನೆ.