ಶ್ರುತಿ ತಪ್ಪಿದ್ದು ಎಲ್ಲಿ? ಗಾಯನ ಬಳಗ ಬಿಟ್ಟ ಹಿರಿಯರೊಬ್ಬರ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆಗೆ ಮೊದಲು ಬಂದವರು ಪತ್ನಿ. ಪತಿಗೆ 76 ವರ್ಷ. ನಿವೃತ್ತರ ವಸತಿ ಸಮುಚ್ಚಯದಲ್ಲಿ 22 ಜನರ ಗಾಯನ ಬಳಗವಿದೆ, ಅಭ್ಯಾಸ ವಾರಕ್ಕೆ ಎರಡು ದಿನ. ಪತಿ ಅಲ್ಲಿ ಮುಂದಿನ ಸಾಲಿನ ಹಾಡುಗಾರರು. ಎರಡು ತಿಂಗಳಿಂದ ಹೋಗುತ್ತಿಲ್ಲ. “ಮಂಗಳವಾರ ಬಂತೆಂದರೆ ತಲೆನೋವು ಅಂತಾರೆ. ಹಾಲ್‌ನಿಂದ ಹಾಡು ಕೇಳಿಸಿದರೆ ಟಿವಿ ಜೋರು ಮಾಡ್ತಾರೆ.”

ಕಾರಣ ಒಂದು ವಾಟ್ಸ್ಆ್ಯಪ್ ಸಂದೇಶ. ಹೊಸ ಸಂಚಾಲಕಿ, ಯಾರ ಹೆಸರೂ ಹೇಳದೆ, “ಪಕ್ಕದವರ ದನಿ ನಮಗೆ ಕೇಳಿಸುವಷ್ಟು ಮೆಲ್ಲಗೆ ಹಾಡೋಣ” ಎಂದು ಗುಂಪಿಗೆ ಬರೆದಿದ್ದರು. ಅದು ಯಾರಿಗೆ ಎಂಬುದು 22 ಜನರಿಗೂ ಗೊತ್ತಾಯಿತು. ಹೆಸರೆತ್ತದೆ ಹೇಳಿದರೆ ನೋವಾಗುವುದಿಲ್ಲ ಎಂಬುದು ಬಳಗಗಳಲ್ಲಿ ಪದೇ ಪದೇ ನಡೆಯುವ ತಪ್ಪು; ಹಾಗೆ ಹೇಳಿದ್ದಕ್ಕೆ ಎದುರು ಉತ್ತರ ಕೊಡುವ ಅವಕಾಶವೂ ಇರುವುದಿಲ್ಲ.

ಪತ್ನಿಯ ಪ್ರಕಾರ ಇದು ಅಹಂ, ಸಂಚಾಲಕಿಯ ಪ್ರಕಾರ ಹಠ. ಹಿರಿಯರನ್ನು ಕೇಳಿದರೆ “ನನ್ನನ್ನು ಹೊರಗೆ ಹಾಕೋ ಉಪಾಯ.” ಮೂವರೂ ಸ್ವಭಾವದ ಮಾತನ್ನೇ ಆಡುತ್ತಿದ್ದರು. ಸಲಹೆಗಾರರೂ ಅದೇ ದಾರಿ ಹಿಡಿದು ನಿವೃತ್ತಿ, ಸ್ಥಾನಮಾನ ಎಂದು ನಾಲ್ಕು ಭೇಟಿ ಕಳೆಯುವುದು ಸುಲಭ. ಆದರೆ ನಿದ್ದೆ, ಊಟ, ಬೆಳಗಿನ ನಡಿಗೆ ಎಲ್ಲವೂ ಸರಿಯಿತ್ತು. ಕುಗ್ಗುತ್ತಿದ್ದುದು ಅಭ್ಯಾಸದ ದಿನ ಮಾತ್ರ. ಖಿನ್ನತೆ ಹೀಗೆ ವಾರ ನೋಡಿ ಬರುವುದಿಲ್ಲ. ಹಾಗಾಗಿ, ಒಂದು ದಿನದ ಮಟ್ಟಿಗೆ ಹೋಗಿ ಬರಲು ಅವರನ್ನು ಒಪ್ಪಿಸಿ, ಎಲ್ಲರ ಒಪ್ಪಿಗೆಯೊಂದಿಗೆ ಅಭ್ಯಾಸವನ್ನು ಕೂತು ನೋಡಲಾಯಿತು.

ಕಂಡದ್ದು ಇಷ್ಟು. ಪ್ರತಿ ಚರಣದ ಎತ್ತುಗಡೆಯಲ್ಲೂ, ಅಂದರೆ ಚರಣ ಶುರುಮಾಡುವಲ್ಲಿ, ಅವರು ತಾಳದ ಒಂದು ಮಾತ್ರೆಯಷ್ಟು ತಡ. ಆದರೆ ಎಲ್ಲ ಚರಣವೂ ಬಾಯಿಪಾಠ, ಹಾಳೆ ನೋಡುತ್ತಲೇ ಇರಲಿಲ್ಲ; ಅಂದರೆ ತೊಂದರೆ ನೆನಪಿನದ್ದಲ್ಲ. ಸಂಚಾಲಕಿ ಬೋರ್ಡಿನ ಕಡೆ ತಿರುಗಿ “ಎರಡನೇ ಚರಣ” ಎಂದಾಗ ಅವರ ಕಣ್ಣು ಪಕ್ಕದವರ ತುಟಿಯ ಮೇಲಿತ್ತು. ಉದ್ದ ಸ್ವರ ಬಂದಾಗಲೆಲ್ಲ ಮುಖ ಕಿವುಚಿ, ಕೀಬೋರ್ಡಿನ ಕಡೆ ಕೈ ತೋರಿಸಿ “ಅದೇ ತಪ್ಪಿದೆ” ಅನ್ನುತ್ತಿದ್ದರು. ಎಡಗಿವಿಯಲ್ಲಿ ಆರು ತಿಂಗಳ ಹಿಂದೆ ಹಾಕಿಸಿದ ಶ್ರವಣ ಸಾಧನ.

ವಯಸ್ಸಿನ ಕಿವುಡು ಮೊದಲು ಮುಟ್ಟುವುದು ಎತ್ತರದ ಆವರ್ತನಗಳನ್ನು. ಸ, ಶ, ತ, ಕ ಅಲ್ಲೇ ಇರುವುದು. ಹಾಡು ಗುಂಯ್ ಎಂದು ಕೇಳುತ್ತದೆ, ಪದದ ಅಂಚು ಕೇಳುವುದಿಲ್ಲ, ತಡ ಅದರಿಂದ. ಸಾಧನದ ಕಥೆ ಬೇರೆ. ಅದನ್ನು ಹೊಂದಿಸುವುದು ಮಾತಿಗಾಗಿ. ಕುಯ್ ಎಂಬ ಶಬ್ದ ಏಳದಂತೆ ತಡೆಯುವ ವ್ಯವಸ್ಥೆ ಅದರೊಳಗಿರುತ್ತದೆ. ಅಲುಗದೆ ಎಳೆದ ಸ್ವರವನ್ನೂ ಅದು ಕುಯ್ ಎಂದೇ ಬಗೆದು ಅಡಗಿಸಲು ಹೋದಾಗ ಸ್ವರ ನಡುಗುತ್ತದೆ, ಪಕ್ಕದಲ್ಲಿ ಇನ್ನೊಂದು ಸ್ವರ ಹುಟ್ಟಿದಂತಾಗುತ್ತದೆ. ಹಿರಿಯರಿಗೆ ಕೀಬೋರ್ಡ್ ನಿಜಕ್ಕೂ ಅಪಸ್ವರವಾಗಿಯೇ ಕೇಳುತ್ತಿತ್ತು. ತನ್ನ ದನಿಯಾದರೂ ಕೇಳಲಿ ಎಂದು ಜೋರಾಗಿ ಹಾಡುತ್ತಿದ್ದರು.

ಇದನ್ನು ಅವರಿಗೆ ವಿವರಿಸಿದ್ದು ಪತ್ನಿ ಇಲ್ಲದ ಭೇಟಿಯಲ್ಲಿ. “ಹಾಗಾದ್ರೆ ನಾನು ಹಾಡೋದು ಕೆಟ್ಟಿಲ್ಲ?” ಎಂದು ಕೇಳಿದರು. ಪೂರ್ತಿ ಸಮಾಧಾನದ ಉತ್ತರ ಕೊಡಲಿಲ್ಲ. ದನಿಪಟ್ಟಿಗಳು ವಯಸ್ಸಿಗೆ ತೆಳುವಾಗುತ್ತವೆ, ಉಸಿರು ಮೋಟಾಗುತ್ತದೆ. ಹಳೆಯ ಶ್ರುತಿಯಲ್ಲಿ ಮೇಲಿನ ಸ್ವರಗಳಿಗೆ ದನಿ ತಲುಪದೆ ಕೆಳಗೇ ನಿಲ್ಲುತ್ತದೆ. ಇಷ್ಟನ್ನೂ ನೇರವಾಗಿ ಹೇಳಲಾಯಿತು.

ಅವರಿಗೆ ಕೊಟ್ಟ ಸಲಹೆ: ಶ್ರವಣತಜ್ಞರ ಬಳಿ ಹೊಸದಾಗಿ ಎರಡೂ ಕಿವಿಗಳ ಪರೀಕ್ಷೆ. ಜೊತೆಗೆ ಸಾಧನದಲ್ಲಿ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ (ಹೊಂದಾಣಿಕೆ) ಕೇಳಿ ಪಡೆಯುವುದು: ಕುಯ್ ತಡೆ ಮತ್ತು ಗದ್ದಲ ತಗ್ಗಿಸುವಿಕೆ ಆಫ್, ಮೈಕ್ ಎದುರಿಗಷ್ಟೇ ಅಲ್ಲದೆ ಸುತ್ತಲಿನದ್ದನ್ನೂ ಹಿಡಿಯುವಂತೆ, ಬದಲಿಸಲು ಸಾಧನದ ಮೇಲೆ ಗುಂಡಿ. ಕ್ಲಿನಿಕ್ಕಿಗೆ ಸಣ್ಣ ಕೀಬೋರ್ಡನ್ನೇ ಒಯ್ದು ಅದರ ಒಂದು ಮನೆಯನ್ನು (ಕೀಲಿಯನ್ನು) 5 ಸೆಕೆಂಡ್ ಒತ್ತಿ ಹಿಡಿದು ತೋರಿಸಬೇಕು; ಬಾಯಲ್ಲಿ ವರ್ಣಿಸಿದರೆ “ಅಭ್ಯಾಸವಾಗುತ್ತೆ ಬಿಡಿ” ಎಂಬ ಉತ್ತರ ಬರುವುದೇ ಹೆಚ್ಚು. ತಡೆ ತೆಗೆದ ಮೇಲೆ ಕಿವಿಗೆ ಕೂರುವ ಭಾಗ ಸಡಿಲವಿದ್ದರೆ ಸಾಧನ ನಿಜವಾಗಿಯೇ ಕುಯ್ಗುಡುತ್ತದೆ, ಆ ಭಾಗವನ್ನು ಅದೇ ದಿನ ನೋಡಿಸಿಕೊಳ್ಳಬೇಕು. ದನಿ ಒಡಕು ನಾಲ್ಕು ವಾರ ಮೀರಿದರೆ ಕಿವಿ-ಮೂಗು-ಗಂಟಲು ವೈದ್ಯರು ಗಂಟಲೊಳಗೆ ನೋಡಲೇಬೇಕು.

ಪತ್ನಿಗೆ ಹೇಳಿದ್ದು ಒಂದೇ: ಸಂಧಾನಕ್ಕೆ ಹೋಗಬೇಡಿ.

ಹೆಚ್ಚಿನ ಕೆಲಸ ಇದ್ದದ್ದು ಸಂಚಾಲಕಿಗೆ. ಶ್ರುತಿಯ ಮಾತು ಗುಂಪಿನಲ್ಲಿ ಬೇಡ, ಒಬ್ಬರೇ ಸಿಕ್ಕಾಗ, ಅದೂ ಪ್ರಶ್ನೆಯಾಗಿ: “ಸರ್, ಕೀಬೋರ್ಡ್ ನಿಮಗೆ ಸರಿಯಾಗಿ ಕೇಳ್ತಾ ಇದೆಯಾ?” ಉತ್ತರ “ಇಲ್ಲ” ಎಂದು ಬಂದರೆ ಅರ್ಧ ಕೆಲಸ ಆದಂತೆ. ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿ, ಹಿರಿಯರು ಹೆಚ್ಚು ಚೆನ್ನಾಗಿ ಕೇಳುವ ಕಿವಿ ಕೀಬೋರ್ಡಿನ ಕಡೆಗಿರುವಂತೆ ತುದಿಯಲ್ಲಿ, ಪಕ್ಕದಲ್ಲಿ ಶ್ರುತಿ ಗಟ್ಟಿಯಿರುವವರೊಬ್ಬರು. ಬೆನ್ನ ಹಿಂದೆ ಸ್ಪೀಕರ್ ಬೇಡ. ಎತ್ತುಗಡೆಯ ಸಂಜ್ಞೆ ಕೈಯಿಂದ, ಮುಖ ಕಾಣುವಂತೆ ನಿಂತು. ಮೊದಲ 10 ನಿಮಿಷ ಬಾಯಿ ಮುಚ್ಚಿ ಗುಂಯ್‌ಗುಡುವುದು, ಸ್ಟ್ರಾ ಮೂಲಕ ಸ್ವರ ಊದುವುದು. ನೇರ ಹಾಡಿಗೆ ಇಳಿದರೆ ಅರ್ಧ ಗಂಟೆಗೆ ದನಿ ಕಟ್ಟುತ್ತದೆ. ಹಾಡಿನ ಹಾಳೆ 20 ಪಾಯಿಂಟ್ ಅಕ್ಷರದಲ್ಲಿ.

ಶ್ರುತಿಯ ಬಗ್ಗೆ ಮಾತ್ರ ಬಳಗದಲ್ಲಿ ಜೋರು ಚರ್ಚೆಯೇ ಆಯಿತು. ಕೆಲವರಿಗೆ ಧ್ವನಿಮುದ್ರಿಕೆಯಲ್ಲಿ ಇದ್ದಂತೆಯೇ ಬೇಕು. ಆದರೆ ವಯಸ್ಸಾದ ಮೇಲೆ ಹೆಂಗಸರ ದನಿ ಇಳಿಯುತ್ತದೆ, ಗಂಡಸರದು ಒಂದಿಷ್ಟು ಏರುವುದೂ ಉಂಟು. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಕೀಬೋರ್ಡಿನ ಮಧ್ಯದ ಸಿ ಮನೆಗಿಂತ ಕೆಳಗಿನ ಎ ಇಂದ ಮೇಲಿನ ಸ್ಥಾಯಿಯ ಸಿ ವರೆಗೆ, ಗಂಡಸರು ಅದರದೇ ಕೆಳಗಿನ ಸ್ಥಾಯಿಯಲ್ಲಿ: ಇಷ್ಟರೊಳಗೆ ಹಾಡು ಮುಗಿದರೆ ಹೆಚ್ಚಿನವರಿಗೆ ಆಯಾಸವಿಲ್ಲ. ಅದಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಅರ್ಧಸ್ವರ (ಕಪ್ಪು-ಬಿಳಿ ಸೇರಿ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ) ಇಳಿಸಬೇಕು. ಶ್ರುತಿ ಏರಿಳಿಸುವ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಿಂದ ಒಂದು ಕ್ಷಣದ ಕೆಲಸ. ಮೂರು ಇಳಿಸಿದ ದಿನ, ಮೊದಲು ವಿರೋಧಿಸಿದ್ದವರೇ ಮೇಲಿನ ಸಾಲು ಪೂರ್ತಿ ಹಾಡಿದರು.

ಏಳು ವಾರಗಳ ಬಳಿಕ ಹಿರಿಯರು ವಾಪಸಾದರು. ಎತ್ತುಗಡೆ ಸರಿಹೋಗಿದೆ, ದನಿ ಅರ್ಧಕ್ಕೆ ಇಳಿದಿದೆ. ಶ್ರುತಿ ಪೂರ್ತಿ ಸೇರಿಲ್ಲ, ಸೇರಲಿಕ್ಕೂ ಇಲ್ಲ. ವೇದಿಕೆಯಲ್ಲಿ ಅವರು ಬೇಡವೆನ್ನುವ ಇಬ್ಬರು ಈಗಲೂ ಹಾಗೇ ಅನ್ನುತ್ತಾರೆ. ಸಾಧನದ ಗುಂಡಿ ಒತ್ತಲು ಹಿರಿಯರು ಮರೆಯುತ್ತಿದ್ದರು, ಪತ್ನಿ ನೆನಪಿಸಿದರೆ ಸಿಡುಕುತ್ತಿದ್ದರು. ಈಗ ಆ ಕೆಲಸ ಕೀಬೋರ್ಡ್ ನುಡಿಸುವವರದು: ಶುರುವಿಗೆ ಮುನ್ನ ಒಂದೇ ಮನೆಯನ್ನು ಐದು ಸೆಕೆಂಡ್ ಹಿಡಿಯುತ್ತಾರೆ. ಹಿರಿಯರ ಕೈ ಕಿವಿಗೆ ಹೋಗುತ್ತದೆ. ಹಿಂದಿನ ಸಾಲಿನಲ್ಲಿ, ಈವರೆಗೆ ಬಾಯಿ ಬಿಡದಿದ್ದ ಇನ್ನಿಬ್ಬರ ಕೈಯೂ.